ಜಾಂಜಿಬಾರಿನಲ್ಲಿ ಲೇಡೀಸ್ ಬ್ಯಾಚ್

ಪಾಚಿಯ ಹೊಲ

ಪಾಚಿ ಎಳೆಯ ತುದಿ ಬೆಳ್ಳಗಿತ್ತು. ಉಳಿದದ್ದೆಲ್ಲ ಕಂದು, ದಪ್ಪ, ರಬ್ಬರಿನಂತೆ ಬಿಗಿ. ತುದಿಯ ಬೆರಳಗಲ ಮಾತ್ರ ಹೆಚ್ಚು ಬೆಂದ ಶಾವಿಗೆಯ ಹಾಗಿತ್ತು. ಮುಟ್ಟಿದೆ. ಮುರಿದು ನೀರಿನೊಡನೆ ಹೋಯಿತು.

"ಬಿಸಿ ತಾಗಿದ್ರೆ ಹೀಗೇ. ಇವತ್ತು ತುದಿ, ಇನ್ನೊಂದು ವಾರಕ್ಕೆ ಪೂರ್ತಿ ಗಿಡ," ಎಂದಳು ರೇಖಾ.

ಜಾಂಜಿಬಾರ್ ದ್ವೀಪದ ಪೂರ್ವ ದಂಡೆಯಲ್ಲಿ ನಾವಿಬ್ಬರೂ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದೆವು. ಕಡಲು ಹಿಂದೆ ಸರಿದ ಹೊತ್ತು. ಮರಳಿನಲ್ಲಿ ಗೂಟಗಳನ್ನು ನೆಟ್ಟು, ಗೂಟದಿಂದ ಗೂಟಕ್ಕೆ ಹಗ್ಗ ಎಳೆದು, ಹಗ್ಗದುದ್ದಕ್ಕೂ ಕಡಲಪಾಚಿಯ ಕುಡಿಗಳನ್ನು ಹೂ ಕಟ್ಟಿದ ಹಾಗೆ ಕಟ್ಟಿದ್ದರು. ಇದು ಆ ಊರಿನ ಹೆಂಗಸರ ಹೊಲ. ಬೆಳೆದ ಪಾಚಿಯನ್ನು ಒಣಗಿಸಿ ಮಾರುತ್ತಾರೆ. ಅದು ಎಲ್ಲೆಲ್ಲಿಗೋ ಹೋಗಿ, ಪುಡಿಯಾಗಿ, ನಾವು ತಿನ್ನುವ ಐಸ್‌ಕ್ರೀಮಿಗೂ ಹಲ್ಲುಜ್ಜುವ ಪೇಸ್ಟಿಗೂ ಸೇರುತ್ತದೆ. ಬೆಳಿಗ್ಗೆ ಬ್ರಷ್ ಹಿಡಿದಾಗ ಯಾವತ್ತೂ ನನಗೆ ಇದು ಗೊತ್ತಿರಲಿಲ್ಲ.

ನೀರು ಬೆಚ್ಚಗಿತ್ತು. ಸ್ನಾನದ ಬಕೆಟ್ಟಿಗೆ ಗೀಸರ್ ನೀರು ಬೆರೆಸಿದಷ್ಟು. ನನಗೆ ಹಿತವೆನಿಸಿತು, ಹಾಗೆನಿಸಿದ್ದಕ್ಕೆ ಸಂಕೋಚವೂ ಆಯಿತು.

ರೇಖಾ ಮಹಾಲಕ್ಷ್ಮಿ ಲೇಔಟಿನವಳು, ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆಗಿದ್ದವಳು. ಈಗ ಒಂದು ಸಣ್ಣ ಸಂಸ್ಥೆಗಾಗಿ ಇಲ್ಲಿನ ಪಾಚಿ ಬೆಳೆಯುವವರ ನಡುವೆ ಕೆಲಸ ಮಾಡುತ್ತಾಳೆ. ಅವಳು ಹೇಳಿದ್ದು ಇಷ್ಟು. ಭೂಮಿಗೆ ನಾವು ಹೆಚ್ಚಿಸಿದ ಬಿಸಿಯಲ್ಲಿ ಬಹುಪಾಲನ್ನು ಕಡಲೇ ಕುಡಿದುಕೊಳ್ಳುತ್ತಿದೆ. ಆಳದಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ. ಇಂಥ ಆಳವಿಲ್ಲದ ನೀರಿನಲ್ಲಿ, ಮೇಲಿನಿಂದ ಬಿಸಿಲೂ ಸೇರಿದಾಗ, ಪಾಚಿ ನಿಂತಲ್ಲೇ ಬೇಯುತ್ತದೆ. ಒಳ್ಳೆಯ ಜಾತಿಯ ಪಾಚಿ ಈಗ ಆಳದ ತಂಪಿನಲ್ಲಿ ಮಾತ್ರ ಬದುಕುತ್ತದೆ. ಆಳದಲ್ಲಿ ಗೂಟ ನೆಡಲಾಗದು. ತೇಲುವ ಡಬ್ಬಗಳಿಗೆ ಹಗ್ಗ ಕಟ್ಟಿ, ದೋಣಿಯಲ್ಲಿ ಹೋಗಿ, ನೀರಿಗಿಳಿದು ಕೆಲಸ ಮಾಡಬೇಕು.

ಹುಟ್ಟಿದಾಗಿನಿಂದ ಕಡಲಲ್ಲೇ ನಿಂತು ದುಡಿದ ಈ ಹೆಂಗಸರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಹುಡುಗರು ತಾವಾಗಿ ಕಲಿಯುತ್ತಾರೆ, ಹುಡುಗಿಯರಿಗೆ ಯಾರೂ ಕಲಿಸುವುದಿಲ್ಲ. ಗಂಡಸರ ಕೈಯಲ್ಲಿ ಕಲಿಯಲು ಇವರು ಒಪ್ಪುವುದಿಲ್ಲ.

ನಾನು ಹೋದದ್ದು ಅದಕ್ಕಾಗಿ.

ಬಸವೇಶ್ವರನಗರ

ಓದುತ್ತಿದ್ದ ದಿನಗಳಿಂದಲೂ ನಾನು ಬಸವೇಶ್ವರನಗರದ ಒಂದು ಈಜುಕೊಳದಲ್ಲಿ ಲೇಡೀಸ್ ಬ್ಯಾಚಿಗೆ ಕಲಿಸುತ್ತೇನೆ. ವಿಜಯನಗರದಿಂದ, ಗೋವಿಂದರಾಜನಗರದಿಂದ ಬರುವ ಆಂಟಿಯರು. ಯಾರಿಗೋ ಮಂಡಿನೋವು, ಯಾರಿಗೋ ಶುಗರ್. ಮೊಣಕಾಲು ದಾಟುವ ಈಜುಡುಗೆ, ಅದರ ಮೇಲೊಂದು ಟೀ ಶರ್ಟು, ಟೋಪಿಯ ಒಳಗೆ ಪ್ಲಾಸ್ಟಿಕ್ ಕವರು. ನೀರಿಗೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಮಾಂಗಲ್ಯವನ್ನು ಒಳಗೆ ಸೇರಿಸಿ ಪಿನ್ನು ಹಾಕಿಕೊಳ್ಳುತ್ತಾರೆ.

ರೇಖಾ ಫೋನು ಮಾಡಿದಾಗ ನಾನು ಹೇಳಿದೆ, "ನಾನು ಸಮುದ್ರದಲ್ಲಿ ಈಜೇ ಇಲ್ಲ ಕಣೇ."

"ಆಂಟಿಯರಿಗೆ ಕಲಿಸಿದೀಯಲ್ಲ, ಅದು ಸಾಕು. ನೀರು ಎಲ್ಲಾದ್ರೂ ನೀರೇ. ಬಾರೇ ಸುಮ್ನೆ."

ಅದು ಸುಳ್ಳೆಂದು ಆಮೇಲೆ ಗೊತ್ತಾಯಿತು.

ನಮ್ಮ ಬ್ಯಾಚಿನ ಸರೋಜ ಆಂಟಿ ಎಲ್ಲರಿಂದ ಹಳೆಯ ಈಜುಡುಗೆ, ಟೋಪಿ ಸಂಗ್ರಹಿಸಿ ನನ್ನ ಸೂಟ್‌ಕೇಸು ತುಂಬಿಸಿದರು. "ಅವ್ರಿಗೂ ಹೇಳಮ್ಮ, ಮೊದಲ್ನೇ ವಾರ ಎಲ್ರೂ ಕೊಳದ ನೀರನ್ನ ಕುಡಿದೇ ಮುಗಿಸ್ತಾರೆ ಅಂತ," ಎಂದರು. ಅಮ್ಮ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು. "ಆಳಕ್ಕೆ ಮಾತ್ರ ಹೋಗ್ಬೇಡ." ನಾನು ಆಯಿತು ಎಂದೆ. ಆಳಕ್ಕೆ ಹೋಗದೆ ಹೇಗೆ ಕಲಿಸಲಿ ಎಂದು ಕೇಳಲಿಲ್ಲ.

ಗೋಡೆ ಇಲ್ಲದ ನೀರು

ತಲುಪಿದ ಸಂಜೆ, ಯಾರೂ ನೋಡದಿರಲಿ ಎಂದುಕೊಂಡು ನಾನೊಬ್ಬಳೇ ಕಡಲಿಗೆ ಇಳಿದೆ. ಕೊಳದಲ್ಲಿ ತಳದ ಕಪ್ಪು ಗೆರೆಯನ್ನು ನೋಡುತ್ತ ಈಜುವ ಅಭ್ಯಾಸ. ಇಲ್ಲಿ ಕೆಳಗೆ ಮರಳು, ಹುಲ್ಲು, ನನ್ನದೇ ನೆರಳು. ನೇರ ಹೋಗುತ್ತಿದ್ದೇನೆಂದು ತಿಳಿದು ತಲೆ ಎತ್ತಿದರೆ, ದಡಕ್ಕೇ ವಾಪಸು ಬಂದು ಮೀನು ಒಣಗಿಸುತ್ತಿದ್ದ ಇಬ್ಬರು ಮುದುಕಿಯರ ಎದುರಿಗಿದ್ದೆ. ಒಂದು ಅಲೆ ಬಾಯೊಳಗೆ ಬಂತು. ಮುದುಕಿಯರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ಬೆಳಗಾಗುವಷ್ಟರಲ್ಲಿ ಸುದ್ದಿ ಊರೆಲ್ಲ ಹರಡಿತ್ತು.

ಪಾಚಿ ಕಟ್ಟುವ ಗುಂಪಿನ ಹೆಂಗಸರು ನನ್ನನ್ನು ಸುತ್ತುವರಿದು ಕೂತರು. ಅವರಲ್ಲಿ ಹಿರಿಯರು ಬಿ ಮ್ವಾಜುಮಾ. 'ಬಿ' ಎಂದರೆ ಅಲ್ಲಿ ಹಿರಿಯ ಹೆಂಗಸರಿಗೆ ಗೌರವಕ್ಕೆ ಸೇರಿಸುವ ಪದ. ಎತ್ತರದ, ಬಡಕಲು ಹೆಂಗಸು; ಕೈಬೆರಳು ಮಾತ್ರ ಹಗ್ಗದಷ್ಟು ಗಟ್ಟಿ. ಅವರ ಸ್ವಾಹಿಲಿಯನ್ನು ರೇಖಾ ಕನ್ನಡಕ್ಕೆ ತರುತ್ತಿದ್ದಳು, ನಮ್ಮ ಬೀದಿಯ ಕನ್ನಡಕ್ಕೆ. ನನ್ನ ನೆನಪಿನಲ್ಲಿ ಅವರೆಲ್ಲ ಹಾಗೆಯೇ ಮಾತಾಡುತ್ತಾರೆ.

"ನಿಮ್ಮೂರಲ್ಲಿ ಸಮುದ್ರ ಎಷ್ಟು ದೂರ?"

"ರಾತ್ರಿ ಬಸ್ಸು ಹತ್ತಿದ್ರೆ ಬೆಳಿಗ್ಗೆ."

"ಮತ್ತೆ ಎಲ್ಲಿ ಕಲಿತೆ?"

ಕೊಳದ ಫೋಟೋ ತೋರಿಸಿದೆ. ಫೋನು ಕೈಯಿಂದ ಕೈಗೆ ಹೋಯಿತು.

"ಈ ತೊಟ್ಟೀಲಿ ಈಜಿ ಎಲ್ಲಿಗೆ ಹೋಗ್ತಾರೆ?" ಎಂದು ಕೇಳಿದರು ಬಿ ಮ್ವಾಜುಮಾ.

"ಎಲ್ಲಿಗೂ ಇಲ್ಲ. ಆ ಗೋಡೆ ಮುಟ್ಟಿ ವಾಪಸ್ ಬರ್ತಾರೆ."

"ಏನು ತರ್ತಾರೆ?"

"ಏನೂ ಇಲ್ಲ."

ಅವರು ನಕ್ಕ ನಗುವಿಗೆ ಮರದ ಮೇಲಿನ ಕಾಗೆಗಳು ಎದ್ದವು. ನನ್ನ ಬಗ್ಗೆ ಅವರಿಗಿದ್ದ ಬಿಗುಮಾನ ಅಲ್ಲಿಗೆ ಮುಗಿಯಿತು.

ಮೊದಲ ಪಾಠ

ಉಬ್ಬರದ ಹೊತ್ತಿಗೆ ದಂಡೆಯ ಹತ್ತಿರ ನೀರು ಸೊಂಟದ ತನಕ ಬರುತ್ತದೆ. ಅಲ್ಲೇ ನಮ್ಮ ತರಗತಿ. ಸರೋಜ ಆಂಟಿಯ ಟೋಪಿಗಳನ್ನು ಅವರು ತಲೆವಸ್ತ್ರದ ಮೇಲೆ ಹಾಕಿಕೊಂಡರು. ಕಿತ್ತಳೆ ಬಣ್ಣದ ತಲೆಗಳ ಸಾಲು. ಉಸಿರು ಬಿಡುವುದನ್ನು ಕಲಿಸಿದೆ, ಗುಳ್ಳೆ ಬಿಟ್ಟರು. ಎಲ್ಲ ನಮ್ಮ ಬ್ಯಾಚಿನ ಹಾಗೆಯೇ ಇತ್ತು, ಅದೇ ಚೀರಾಟ, ಅದೇ ಒಬ್ಬರನ್ನೊಬ್ಬರು ದೂರುವುದು.

ಆಮೇಲೆ ಬೆನ್ನ ಮೇಲೆ ತೇಲುವ ಪಾಠ. ಆಳದಲ್ಲಿ ಸುಸ್ತಾದರೆ ಜೀವ ಉಳಿಸುವುದು ಅದೊಂದೇ. ಬಸವೇಶ್ವರನಗರದಲ್ಲಿ ಇದನ್ನು ನಾನು ಒಂದೇ ಮಾತಿನಲ್ಲಿ ಕಲಿಸುತ್ತೇನೆ. ನಮ್ಮ ಆಂಟಿಯರೆಲ್ಲ ಯೋಗ ಕ್ಲಾಸಿನಿಂದ ಬಂದವರು. "ಶವಾಸನ ಆಂಟಿ. ಹೆಣದ ಹಾಗೆ ಮಲಗಿ," ಎಂದರೆ ಮೈ ತಾನಾಗಿ ಸಡಿಲಾಗುತ್ತದೆ. "ಇಲ್ಲಾದ್ರೂ ಹೆಣದ ಥರ ಬಿದ್ಕೊಳ್ಳೋಣ, ಮನೇಲಿ ಯಾರು ಬಿಡ್ತಾರೆ," ಎಂದು ಸರೋಜ ಆಂಟಿ ತೇಲುತ್ತಲೇ ಹೇಳಿದ್ದುಂಟು.

ಬಾಯಿಗೆ ಬಂದದ್ದು ಅದೇ. ಬಿ ಮ್ವಾಜುಮಾ ಅವರ ಬೆನ್ನಿಗೆ ಕೈ ಕೊಟ್ಟು, "ಹೆಣದ ಹಾಗೆ ಮಲಗಿ," ಎಂದೆ. ರೇಖಾ ಕೂಡ ಯೋಚಿಸದೆ ಹಾಗೆಯೇ ಸ್ವಾಹಿಲಿಯಲ್ಲಿ ಹೇಳಿದಳು. ಅವಳೂ ನಮ್ಮ ಕಡೆಯವಳೇ. ನಮ್ಮಿಬ್ಬರಿಗೂ ಆ ಪದದಲ್ಲಿ ಹೆಣ ಉಳಿದೇ ಇರಲಿಲ್ಲ.

ಬಿ ಮ್ವಾಜುಮಾ ನನ್ನ ಕೈಯನ್ನು ತಮ್ಮ ಬೆನ್ನಿನಿಂದ ಮೆಲ್ಲಗೆ ತೆಗೆದರು. ಟೋಪಿ ತೆಗೆದು ನನ್ನ ಕೈಗೆ ಕೊಟ್ಟು ದಡದ ಕಡೆ ನಡೆದರು. ಉಳಿದವರು ಹಿಂದೆಯೇ ಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಸಂಜೆ ರೇಖಾ ವಿಷಯ ತಿಳಿದುಕೊಂಡು ಬಂದಳು. ಬಿ ಮ್ವಾಜುಮಾ ಅವರ ತಂಗಿ ಜುಹುರಾ, ದಂಡೆಯ ಹತ್ತಿರದ ಪಾಚಿ ಸಾಯತೊಡಗಿದಾಗ ಎಲ್ಲರಿಗಿಂತ ಮೊದಲು ಆಳಕ್ಕೆ ಹೋದವಳು. ದೋಣಿ ಇಲ್ಲದೆ, ಕುತ್ತಿಗೆಮಟ್ಟದ ನೀರಿನ ತನಕ ನಡೆದು ಹೋಗಿ ಹಗ್ಗ ಕಟ್ಟುತ್ತಿದ್ದಳು. ಒಂದು ದಿನ ಉಬ್ಬರ ಬಂದದ್ದು ತಿಳಿಯಲಿಲ್ಲ. ಅವಳ ಮೈ ತೊಳೆದು ಬಟ್ಟೆ ಸುತ್ತಿದವರು ಅಕ್ಕನೇ.

"ಅದಾದ್ಮೇಲೇನೇ ಗುಂಪಿನವರು ನಿಯಮ ಮಾಡ್ಕೊಂಡಿದ್ದು," ಎಂದಳು ರೇಖಾ. "ದೋಣಿಯಿಂದ ಡಬ್ಬದ ತನಕ ಯಾರ ಕೈನೂ ಹಿಡೀದೆ ಈಜಿ ತೋರಿಸಿದವರಿಗೆ ಮಾತ್ರ ಆಳದಲ್ಲಿ ಹಗ್ಗ. ಆಗದೇ ಇದ್ದವರು ದಡದಲ್ಲಿ ಕೂತು ಬೇರೆಯವರ ಹಗ್ಗಕ್ಕೆ ಕುಡಿ ಕಟ್ಟಬೇಕು, ಇಲ್ಲಾಂದ್ರೆ ಬಿಡಬೇಕು. ಮ್ವಾಜುಮಾಗೆ ಹೊಲ ಇಲ್ದೇ ಹೋದ್ರೆ ಅಣ್ಣನ ಮನೆಗೆ ವಾಪಸ್. ಗಂಡ ಬಿಟ್ಟ ಮೇಲೆ ಅವರ ಅಡುಗೆಮನೇಲಿ ವರ್ಷಗಟ್ಟಲೆ ಕಳೆದು, ಪಾಚಿ ಮಾರಿ ಸ್ವಂತ ಮನೆ ಕಟ್ಟಿದೋರು ಅವರು."

ಹೊಸ ಹಗ್ಗಗಳನ್ನು ಇಳಿಸುವ ದಿನ ಹತ್ತಿರವಿತ್ತು. ನಾನು ಊರಿಗೆ ಹೊರಡಬೇಕಾದದ್ದೂ ಅದೇ ದಿನ.

ಬಿ ಮ್ವಾಜುಮಾ ಅವರ ಅಂಗಳ

ಮರುದಿನ ರೇಖಾಳನ್ನು ಕರೆಯದೆ ಅವರ ಮನೆಗೆ ಹೋದೆ. ಏನು ಹೇಳಬೇಕೆಂದು ನನಗೆ ತಿಳಿದಿರಲಿಲ್ಲ. ಭಾಷೆ ಇಲ್ಲದಿದ್ದರೆ ಹೇಳಬೇಕಾಗಿಯೂ ಇಲ್ಲವೆಂದು ಧೈರ್ಯ.

ಹವಳದ ಕಲ್ಲಿನ ಎರಡು ಕೋಣೆ, ನೀಲಿ ಬಣ್ಣದ ಬಾಗಿಲು. ಅಂಗಳದಲ್ಲಿ ಬಿ ಮ್ವಾಜುಮಾ ಎರಡೂ ಕಾಲು ಚಾಚಿ ಕೂತು, ಕಾಲ ಮೇಲೆ ಎಳೆಗೂಸನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಮಗಳ ಮಗು. ಮಗಳು ಆಶಾ ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿದ್ದಳು. ನಮ್ಮ ಕಡೆಯೂ ಈ ಹೆಸರಿದೆ ಎಂದು ಸನ್ನೆ ಮಾಡಿ ಹೇಳಹೊರಟೆ. ಅವಳು ನಗಲಿಲ್ಲ. ಅಮ್ಮ ನೀರಿಗಿಳಿಯುವುದು ಅವಳಿಗೆ ಬೇಡವಾಗಿತ್ತು. ನಾನು ಯಾರೆಂದು ಅವಳಿಗೆ ಗೊತ್ತಿತ್ತು.

ನಾನು ಬಾಗಿಲ ಬಳಿ ನಿಂತುಬಿಟ್ಟೆ. ನನ್ನಕ್ಕನ ಬಾಣಂತನದಲ್ಲಿ ಗೋವಿಂದರಾಜನಗರದ ನಮ್ಮ ಮನೆಗೆ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದರು. ಹೀಗೆಯೇ ಕಾಲು ಚಾಚುತ್ತಿದ್ದರು, ಹೀಗೆಯೇ ಮಗುವಿನ ಮೂಗು ನೀವುತ್ತಿದ್ದರು. ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. "ನಿನ್ ಕೈ ತಣ್ಣಗಿದೆ, ದೂರ ನಿಲ್ಲು," ಎನ್ನುತ್ತಿದ್ದರು.

ಬಿ ಮ್ವಾಜುಮಾ ತಲೆ ಎತ್ತಿ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ತಂಬಿಗೆಯಂಥ ಪಾತ್ರೆಯ ಕಡೆ ಗಲ್ಲದಿಂದ ತೋರಿಸಿದರು. ಕೂತೆ. ನೀರು ತೆಗೆದು ಹಾಕಿದೆ, ಅವರು ಹಿಡಿದ ಕಡೆಗೆಲ್ಲ.

ಅವರ ಎಡಗೈ ಮಗುವಿನ ಕುತ್ತಿಗೆಯ ಹಿಂದೆ ಇತ್ತು. ಹಿಡಿದಿರಲಿಲ್ಲ, ಸುಮ್ಮನೆ ಅಲ್ಲಿತ್ತು. ಮಗು ಮೊದಲು ಮುಷ್ಟಿ ಬಿಗಿದು ಅಳುತ್ತಿತ್ತು. ಬೆಚ್ಚಗಿನ ನೀರು ಎದೆಯ ಮೇಲೆ ಹರಿದಂತೆ ಒಂದೊಂದೇ ಬೆರಳು ಬಿಡಿಸಿಕೊಂಡಿತು. ಕೊನೆಗೆ ಅಂಗೈ ತೆರೆದು, ಆಕಾಶ ನೋಡುತ್ತ ಸುಮ್ಮನಾಯಿತು.

ಇಷ್ಟು ವರ್ಷ ನಾನು ಕಲಿಸುತ್ತಿದ್ದದ್ದು ಇದನ್ನೇ. ಇದಕ್ಕೆ ತಪ್ಪು ಹೆಸರು ಕೊಟ್ಟಿದ್ದೆ.

ಒರೆಸಿದ ಮಗುವನ್ನು ಅವರು ನನ್ನ ಮಡಿಲಿಗೆ ಹಾಕಿದರು. ನಾನು ಅವರ ಎಡಗೈಯನ್ನು ತೋರಿಸಿದೆ. ನನ್ನ ಕೈಯನ್ನು ನನ್ನದೇ ಕುತ್ತಿಗೆಯ ಹಿಂದಿಟ್ಟು ಕಡಲಿನ ಕಡೆ ತೋರಿಸಿದೆ. ಅವರು ಬಹಳ ಹೊತ್ತು ನನ್ನನ್ನು ನೋಡಿ, "ಕೆಶೋ," ಎಂದರು. ಆ ಪದ ನನಗೆ ಗೊತ್ತಿತ್ತು. ನಾಳೆ.

ಮತ್ತೆ ನೀರಿಗೆ

"ಮಗೂಗೆ ನೀರು ಹಾಕೋ ಹಾಗೆ ಹಿಡ್ಕೊಳಿ ಅನ್ನು. ಅಷ್ಟೇ," ಎಂದೆ ರೇಖಾಳಿಗೆ.

ಅದಕ್ಕೆ ವಿವರಣೆ ಬೇಕಾಗಲಿಲ್ಲ. ಇಬ್ಬಿಬ್ಬರಾಗಿ ನಿಂತರು. ಒಬ್ಬಳು ತಾಯಿ, ಒಬ್ಬಳು ಕೂಸು. ದಪ್ಪ ಹೆಂಗಸೊಬ್ಬಳು ಕೂಸಿನಂತೆ ಅತ್ತು ತೋರಿಸಿದಳು, ಅವಳನ್ನು ಹಿಡಿದವಳು, "ಇಷ್ಟು ದೊಡ್ಡ ಕೂಸನ್ನ ಹೆತ್ತವಳು ಯಾರಪ್ಪಾ!" ಎಂದು ಮೂಗು ಹಿಂಡಿದಳು. ಯಾರೋ ಮಗುವಿನ ಸ್ನಾನದ ಹಾಡು ಎತ್ತಿದರು. ಒಂದೆರಡು ದಿನಗಳಲ್ಲಿ ಕೈ ತೆಗೆದರೂ ತೇಲುವವರು ಹೆಚ್ಚಿದರು. ತೇಲಿದವರು ಕಾಲು ಬಡಿಯಲು ಕಲಿತರು.

ಬಿ ಮ್ವಾಜುಮಾ ಬಂದರು. ಎಲ್ಲರನ್ನೂ ಹಿಡಿದರು, ನನ್ನನ್ನೂ. ಅವರ ಅಂಗೈ ಮೇಲೆ ತಲೆಯಿಟ್ಟು ನಾನು ಮೊದಲ ಸಲ ಅಲೆಗಳಿಗೆ ಮೈ ಬಿಗಿಯದೆ ಮಲಗಿದೆ. ಆದರೆ ಅವರು ಮಾತ್ರ ಮಲಗಲಿಲ್ಲ. ನಾನು ಕೈ ಚಾಚಿದರೆ ತಲೆ ಅಲ್ಲಾಡಿಸುತ್ತಿದ್ದರು. ಮುಖ ಕೆಳಗೆ ಮಾಡಿ ಈಜಲು ಬೇಗ ಕಲಿತರು, ಬಲವಿತ್ತು. ಬೆನ್ನ ಮೇಲೆ ಮಾತ್ರ ಆಗದು. ತೇಲಲು ಬಾರದವರನ್ನು ಆಳಕ್ಕೆ ಕಳಿಸಲು ನಾನು ಒಪ್ಪುವಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಡಬ್ಬದ ತನಕ ಈಜಿ ತೋರಿಸುವ ಹಿಂದಿನ ದಿನ ಆಶಾ ದಡಕ್ಕೆ ಬಂದಳು, ಸೊಂಟದ ಮೇಲೆ ಮಗು. ದೂರದಿಂದಲೇ ಜಗಳ ಶುರು ಮಾಡಿದಳು. ರೇಖಾ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. "ಚಿಕ್ಕಮ್ಮನ್ನ ಮಣ್ಣು ಮಾಡಿದ್ದು ಸಾಲದಾ, ನಿನ್ನನ್ನೂ ಮಾಡ್ಬೇಕಾ, ಸೋದರಮಾವನ ಮನೇಲಿ ಏನು ಮುಳ್ಳಿದೆಯಾ, ಅಂತಿದಾಳೆ."

ಬಿ ಮ್ವಾಜುಮಾ ಎದೆಮಟ್ಟದ ನೀರಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ಬೈದಿದ್ದಾಯ್ತಾ? ಬಾ ಇಲ್ಲಿ."

"ಬರಲ್ಲ."

"ನಿನಗೆ ಎಷ್ಟು ವರ್ಷ ನೀರು ಹಾಕಿದೀನಿ. ಒಂದು ದಿನ ನೀನು ಹಾಕು, ಬಾ."

ಆಶಾ ಮರಳಿನ ಮೇಲೆ ಚಪ್ಪಲಿ ಬಿಟ್ಟಳು. ಆಮೇಲೆ ನನ್ನ ಕಡೆ ನೋಡದೆಯೇ ಮಗುವನ್ನು ನನ್ನ ಕೈಗೆ ತುರುಕಿ, ಉಟ್ಟ ಬಟ್ಟೆಯಲ್ಲೇ ನೀರಿಗೆ ನಡೆದಳು.

ಇದರ ನಂತರದ್ದನ್ನು ಸರಿಯಾಗಿ ವರ್ಣಿಸಲಾರೆ. ಮಗು ಕಿರುಚತೊಡಗಿತು. ನಾನು ದಡದಲ್ಲಿ ಅದನ್ನು ಕುಲುಕುತ್ತ, ಮೂಗು ಒರೆಸುತ್ತ, ನನಗೆ ಬರುವ ಒಂದೇ ಲಾಲಿಯನ್ನು ಕನ್ನಡದಲ್ಲಿ ಗೊಣಗುತ್ತಿದ್ದೆ. ತಲೆ ಎತ್ತಿದಾಗ ಬಿ ಮ್ವಾಜುಮಾ ನೀರಿನ ಮೇಲಿದ್ದರು. ಮಗಳ ಒಂದು ಕೈ ಕುತ್ತಿಗೆಯ ಕೆಳಗೆ, ಒಂದು ಬೆನ್ನ ಕೆಳಗೆ. ಆಶಾ ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಲೂ ಇದ್ದಳು. ತಾಯಿ ಕಣ್ಣು ಮುಚ್ಚಿರಲಿಲ್ಲ. ಮಗಳ ಮುಖವನ್ನು ಕೆಳಗಿನಿಂದ ನೋಡುತ್ತಿದ್ದರು.

ಆಶಾಳ ಕೈಗಳು ಯಾವಾಗ ಹೊರಗೆ ಬಂದವೋ ನಾನು ನೋಡಲಿಲ್ಲ. ಅವಳು ತನ್ನ ಎರಡೂ ಅಂಗೈಗಳನ್ನು ಎತ್ತಿ ನಮಗೆ ತೋರಿಸಿದಾಗಲೇ ತಿಳಿದದ್ದು.

"ಲೇ, ಅಳ್ತಿದೀಯೇನೇ?" ಎಂದಳು ರೇಖಾ.

"ಮಗು ಕಣ್ಣಿಗೆ ಬೆರಳು ಹಾಕ್ತು," ಎಂದೆ.

ಡಬ್ಬದ ತನಕ

ದಂಡೆಯಿಂದ ದೂರ ನೀರಿನ ಬಣ್ಣ ಬದಲಾಗುತ್ತದೆ. ಗಾಜಿನ ಹಸಿರು ಮುಗಿದು ಶಾಯಿಯ ನೀಲಿ. ದೋಣಿಯಿಂದ ಕೈ ಇಳಿಬಿಟ್ಟರೆ ತಂಪು ತಿಳಿಯುತ್ತಿತ್ತು.

"ಇಲ್ಲಿ ಎಷ್ಟು ವರ್ಷ ಬೆಳೆಯುತ್ತೆ?" ಎಂದು ರೇಖಾಳನ್ನು ಕೇಳಿದೆ.

"ಗೊತ್ತಿಲ್ಲ ಕಣೇ. ಬಿಸಿ ಇಲ್ಲಿಗೂ ಇಳೀತಿದೆ."

"ಅವರಿಗೆ ಹೇಳಿದೀಯಾ?"

"ಮೊದಲ್ನೇ ದಿನಾನೇ. ಆವಾಗಿನ ಮಾತು ಆವಾಗ, ಈಗ ಹಗ್ಗ ಕೊಡು ಅಂದ್ರು."

ಪರೀಕ್ಷೆ ಶುರುವಾದಾಗ ನಾನು ಡಬ್ಬಕ್ಕೂ ದೋಣಿಗೂ ನಡುವೆ ನೀರಿನಲ್ಲಿದ್ದೆ. ಅಮ್ಮನಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ಒಬ್ಬೊಬ್ಬರಾಗಿ ದೋಣಿಯಿಂದ ಇಳಿದು ಈಜಿದರು. ಒಬ್ಬಳು ಅರ್ಧದಿಂದ ವಾಪಸು ಹೋದಳು, ಅವಳು ಇನ್ನೊಮ್ಮೆ ಕಲಿಯುತ್ತಾಳೆ. ಕೊನೆಗೆ ಬಿ ಮ್ವಾಜುಮಾ.

ಇಳಿಯುವ ಮುಂಚೆ ಅವರು ನೀರನ್ನು ನೋಡಿ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು. ಜುಹುರಾ ಎಂಬುದು ಮಾತ್ರ ಕೇಳಿಸಿತು. ಆಮೇಲೆ ಇಳಿದರು. ಮೊದಲರ್ಧ ಚೆನ್ನಾಗಿ ಬಂದರು. ನಂತರ ಗಾಳಿ ಎದ್ದಿತು. ಅಲೆಯೊಂದು ಮುಖಕ್ಕೆ ಹೊಡೆಯಿತು, ಕೆಮ್ಮಿದರು, ಕೈಗಳು ಗಡಿಬಿಡಿಯಾದವು. ನಾನು ತೋಳಳತೆಯಷ್ಟು ಹತ್ತಿರ ಹೋದೆ. ಕೈ ಚಾಚಿದ್ದರೆ ಸಿಗುತ್ತಿದ್ದರು. ಚಾಚಿದ್ದರೆ ಹಗ್ಗ ಹೋಗುತ್ತಿತ್ತು.

ಚಾಚಬೇಕೆಂದು ತೀರ್ಮಾನಿಸಿಯೇ ಬಿಟ್ಟಿದ್ದೆ. ಅಷ್ಟರಲ್ಲಿ ಅವರು ನನ್ನ ಮುಖ ನೋಡಿ, ಒಂದು ಬೆರಳನ್ನು ಎತ್ತಿ ಬೇಡವೆಂದರು. ಮಗ್ಗುಲಾದರು, ಬೆನ್ನ ಮೇಲೆ ಮಲಗಿದರು. ಅಲೆ ಅವರನ್ನು ಎತ್ತಿತು, ಇಳಿಸಿತು. ಎದೆ ಏರಿಳಿಯುತ್ತಿತ್ತು. ಅವರ ಪಕ್ಕದಲ್ಲಿ ನಾನೂ ಮಲಗಿದೆ, ಬೇರೇನು ಮಾಡಬೇಕೆಂದು ತಿಳಿಯದೆ. ಉಸಿರು ತಿರುಗಿದ ಮೇಲೆ ಅವರು ಮತ್ತೆ ಮುಖ ಕೆಳಗೆ ಮಾಡಿ ಹೊರಟರು. ಡಬ್ಬ ತಲುಪಿ, ಅದಕ್ಕೆ ಎರಡು ಏಟು ಕೊಟ್ಟು, ಜೋರಾಗಿ ಏನೋ ಬೈದರು.

ದೋಣಿಯಲ್ಲಿ ಕೂಗಾಟ. "ಏನಂದ್ರು?" ಎಂದು ಕೇಳಿದೆ.

"ಅದನ್ನ ಕನ್ನಡದಲ್ಲಿ ಹೇಳಕ್ಕಾಗಲ್ಲ," ಎಂದಳು ರೇಖಾ, ನಗುತ್ತ ಕಣ್ಣೊರೆಸಿಕೊಂಡು.

ಹೊರಡುವ ಬೆಳಿಗ್ಗೆ

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಕಾರು ಬರುವುದಿತ್ತು. ಚೀಲ ಹಿಡಿದು ದಡದ ಮೇಲೆ ಬಂದಾಗ ಬಿ ಮ್ವಾಜುಮಾ ಮರದ ನೆರಳಿನಲ್ಲಿ ಕೂತಿದ್ದರು. ಒಂದು ಪಕ್ಕ ಹೊಸ ಹಗ್ಗದ ಸುರುಳಿ, ಇನ್ನೊಂದು ಪಕ್ಕ ಒದ್ದೆ ಗೋಣಿಯಡಿ ಪಾಚಿಯ ಕುಡಿಗಳು. ದೋಣಿ ಹೊರಡುವ ಮುಂಚೆ ಎಲ್ಲವನ್ನೂ ಕಟ್ಟಿ ಮುಗಿಸಬೇಕು. ಆಶಾ ಎದುರು ತುದಿಯಿಂದ ಕಟ್ಟುತ್ತ ಬರುತ್ತಿದ್ದಳು. ಮಗು ಮರಳಿನ ಮೇಲೆ ಬಟ್ಟೆ ಹಾಸಿ ಮಲಗಿಸಿದಲ್ಲಿ ನಿದ್ದೆ ಮಾಡುತ್ತಿತ್ತು.

ವಿದಾಯಕ್ಕೆಂದು ಒಂದು ಸ್ವಾಹಿಲಿ ವಾಕ್ಯವನ್ನು ರೇಖಾಳಿಂದ ಕಲಿತಿದ್ದೆ. ಅರ್ಧ ಹೇಳುವಷ್ಟರಲ್ಲಿ ಬಿ ಮ್ವಾಜುಮಾ ಸ್ವಲ್ಪ ಸರಿದು ಜಾಗ ಮಾಡಿದರು. ಕೂತೆ. ಅವರು ಒಂದು ಕುಡಿಯನ್ನು ನನ್ನ ಕೈಗಿಟ್ಟು, ಗಂಟು ಹಾಕುವುದನ್ನು ನಿಧಾನವಾಗಿ ತೋರಿಸಿದರು. ನನ್ನ ಮೊದಲ ಗಂಟನ್ನು ಎಳೆದು ನೋಡಿ ಬಿಚ್ಚಿದರು. ಎರಡನೆಯದನ್ನೂ ಬಿಚ್ಚಿದರು. ಮೂರನೆಯದನ್ನು ಹಾಗೆಯೇ ಬಿಟ್ಟರು.

ರಸ್ತೆಯಿಂದ ಕಾರಿನ ಹಾರ್ನ್ ಕೇಳಿಸಿತು. ಹಗ್ಗ ಇನ್ನೂ ಉಳಿದಿತ್ತು. ನಾನು ಮುಂದಿನ ಕುಡಿಯನ್ನು ತೆಗೆದುಕೊಂಡೆ.